ಅಪ್‌ಡೇಟ್: ಸಣ್ಣ ಪ್ರಾಜೆಕ್ಟ್‌ಗೂ ಬಿಸಿನೆಸ್ ಅನಲಿಸ್ಟ್ ಬೇಕಾ ಅಂತ ಕೇಳಿದ್ದೆನಲ್ಲ

ಹಳ್ಳಿ ಡೇರಿಗಳಿಗೆ ಹಾಲಿನ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇವೆ, ಪ್ರಾಜೆಕ್ಟ್ ಮ್ಯಾನೇಜರ್ ಇರುವಾಗ, ಬಳಸುವವರಿಗೆ ನಿಜವಾಗಿ ಏನು ಬೇಕು ಅಂತ ತಿಳಿದುಕೊಳ್ಳುವ ಅನಲಿಸ್ಟ್ ಬೇರೆ ಯಾಕೆ ಅಂತ ಹೋದ ಸಲ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಒಬ್ಬರನ್ನು ತೆಗೆದುಕೊಂಡೆವು, ತುಂಬಾ ಒಳ್ಳೆಯದಾಯಿತು.

ಅವರು ಮೊದಲು ಮಾಡಿದ ಕೆಲಸ ಅಂದರೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೆ ಹೋಗಿ ನಿಂತಿದ್ದು. ಕ್ಲೈಂಟ್ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಹಾಲು ಅಳೆದ ತಕ್ಷಣ ಚೀಟಿ ಬರಬೇಕು ಅಂತ ಅಷ್ಟೇ. ಆದರೆ ರೇಟು ನಿಂತಿರುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ. ಕರೆಂಟ್ ಹೋದರೆ ಮಷೀನ್ ರೀಡಿಂಗ್ ಸಿಗುವುದಿಲ್ಲ, ಆಗ ಸೆಕ್ರೆಟರಿ ಲೀಟರ್ ಮಾತ್ರ ಪುಸ್ತಕದಲ್ಲಿ ಬರೆದುಕೊಂಡು, ಸ್ಯಾಂಪಲ್ ಎತ್ತಿಟ್ಟು, ಕರೆಂಟ್ ಬಂದಾಗ ಫ್ಯಾಟ್ ನೋಡಿ ತುಂಬುತ್ತಾರೆ. ಹೀಗೆ ಅರ್ಧಕ್ಕೆ ನಿಲ್ಲುವ ಎಂಟ್ರಿಗೆ ನಮ್ಮ ಡಿಸೈನಿನಲ್ಲಿ ಜಾಗವೇ ಇರಲಿಲ್ಲ. ಕೋಡ್ ಎಲ್ಲ ಮುಗಿದ ಮೇಲೆ ಇದು ಗೊತ್ತಾಗಿದ್ದರೆ ಪೇಮೆಂಟ್ ಭಾಗವನ್ನೇ ಮತ್ತೆ ಬರೆಯಬೇಕಿತ್ತು, ಅಲ್ವಾ?

ಮ್ಯಾನೇಜರ್ ನೋಡುವುದು ಟೈಮು, ದುಡ್ಡು, ಜನ. ಇದು ಯಾರಿಗೆ ಬೇಕು, ಯಾಕೆ ಬೇಕು ಅಂತ ಕೇಳುವ ಕೆಲಸ ಬೇರೆಯೇ, ಅದಕ್ಕೆ ಪುರುಸೊತ್ತು ಇರುವ ಒಬ್ಬರು ಬೇಕು. ಬಿಸಿನೆಸ್ ಅನಲಿಸ್ಟ್‌ಗಳ ಕೈಪಿಡಿಯಾದ ಬ್ಯಾಬಾಕ್‌ನ 2015ರಲ್ಲಿ ಬಂದ ಮೂರನೇ ಆವೃತ್ತಿಯಲ್ಲೂ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡುವುದನ್ನು ಒಂದು ವಿಧಾನ ಅಂತಲೇ ಕೊಟ್ಟಿದ್ದಾರೆ. ಸುಮ್ನೆ ಮೀಟಿಂಗ್ ಜಾಸ್ತಿ ಮಾಡಿದ್ದರೆ ಈ ವಿಷಯ ಹೊರಗೆ ಬರುತ್ತಿರಲಿಲ್ಲ, ಯಾಕೆಂದರೆ ಸೆಕ್ರೆಟರಿಗೆ ಅದು ದಿನದ ಮಾಮೂಲು, ಹೇಳಬೇಕು ಅಂತಲೇ ಅನ್ನಿಸುವುದಿಲ್ಲ.

ಈಗ ಎಮ್ಮೆ ಹಾಲಿನ ರೇಟ್ ಚಾರ್ಟ್ ಕೆಲಸ ನಡೆಯುತ್ತಿದೆ.