ಪದಚರ್ಚೆ: ಲ್ಯಾಸೊ, ಮ್ಯಾಜಿಕ್ ವಾಂಡ್, ಫೆದರ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಫೋಟೊ ತಿದ್ದುವ ತಂತ್ರಾಂಶದ ಕೈಪಿಡಿಯನ್ನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿನ ತರಬೇತಿಗಾಗಿ ಅನುವಾದಿಸುತ್ತಿರುವವರಿಗೆ ಪದಗಳು ತುರ್ತಾಗಿ ಬೇಕಾಗಿರುವುದರಿಂದ ಅವನ್ನು ಮೊದಲೇ ಹೇಳಿಬಿಡುತ್ತೇನೆ. ಸೆಲೆಕ್ಷನ್‌ಗೆ ‘ಆಯ್ಕೆ’, ಕೈಯಿಂದ ಸುತ್ತ ಗೆರೆ ಎಳೆದು ಆಯ್ಕೆ ಮಾಡುವ ಲ್ಯಾಸೊಗೆ ‘ಕುಣಿಕೆ’, ಫೆದರ್‌ಗೆ ‘ಅಂಚು ಮಸುಕಿಸು’ ಸಾಕು. ಲೇಯರ್ (ಒಂದರ ಮೇಲೊಂದು ಕೂರುವ ಚಿತ್ರದ ಹಾಳೆ) ಮತ್ತು ಮಾಸ್ಕ್ (ಚಿತ್ರದ ಭಾಗವನ್ನು ಅಳಿಸದೆ ಮರೆಮಾಡುವ ಹೊದಿಕೆ) ಹಾಗೆಯೇ ಇರಲಿ.

ಆಯ್ಕೆಯ ಈ ಸಲಕರಣೆಗಳನ್ನೆಲ್ಲ ‘ಕತ್ತರಿಗಳು’ ಎಂದು ಕರೆಯಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆಯ್ಕೆಯ ಸಲಕರಣೆ ಏನನ್ನೂ ಕತ್ತರಿಸುವುದಿಲ್ಲ; ಮುಂದೆ ಮಾಡುವ ಕೆಲಸವು ಚಿತ್ರದ ಯಾವ ಭಾಗಕ್ಕೆ ಮಾತ್ರ ತಗಲಬೇಕೆಂದು ಗೆರೆ ಹಾಕಿಕೊಡುತ್ತದೆ. ಆ ಗೆರೆಯೊಳಗೆ ಬಣ್ಣ ತಿದ್ದಬಹುದು, ಬೆಳಕು ಹೆಚ್ಚಿಸಬಹುದು, ಇಲ್ಲವೇ ಅದನ್ನೇ ಮಾಸ್ಕ್ ಮಾಡಿ ಹಿನ್ನೆಲೆಯನ್ನು ಮರೆಮಾಡಬಹುದು. ಮಾಸ್ಕ್‌ನಲ್ಲಿ ಬಿಳಿ ಇದ್ದೆಡೆ ಚಿತ್ರ ಕಾಣುತ್ತದೆ, ಕಪ್ಪು ಇದ್ದೆಡೆ ಮರೆಯಾಗುತ್ತದೆ, ಬೂದು ಇದ್ದೆಡೆ ಅರೆಬರೆಯಾಗಿ ಕಾಣುತ್ತದೆ. ಮೂಲ ಚಿತ್ರಕ್ಕೆ ಏನೂ ಆಗುವುದಿಲ್ಲ. ಇದನ್ನು ಕತ್ತರಿಯೆಂದು ಕಲಿತವನು ಹಿನ್ನೆಲೆಯನ್ನು ಅಳಿಸಿಯೇ ಫೈಲನ್ನು ಉಳಿಸುತ್ತಾನೆ. ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಕತ್ತರಿಯ ಹೆಸರಿನದೇ ಒಂದು ಸಲಕರಣೆ ಇದೆ, ನಿಜ. ಅದು ವಸ್ತುವಿನ ಅಂಚನ್ನು ಹುಡುಕಿ ಹಿಂಬಾಲಿಸುತ್ತದೆಯೇ ಹೊರತು ಅದೂ ಕತ್ತರಿಸುವುದಿಲ್ಲ. ಇನ್ನು ‘ಕತ್ತರಿ’ ಅಚ್ಚಗನ್ನಡ ಎಂಬ ವಾದ ನಿಲ್ಲುವುದಿಲ್ಲ. ಅದು ಸಂಸ್ಕೃತದ ‘ಕರ್ತರೀ’ ಶಬ್ದದ ತದ್ಭವ.

ಕೊನೆಯ ಹಂತಕ್ಕೆ, ಅಂದರೆ ವಸ್ತುವನ್ನು ಹಿನ್ನೆಲೆಯಿಂದ ನಿಜವಾಗಿ ಬೇರೆ ಮಾಡುವುದಕ್ಕೆ, ನಮ್ಮಲ್ಲಿ ಒಳ್ಳೆಯ ಕ್ರಿಯಾಪದವಿದೆ. ಮಲೆನಾಡಿನಲ್ಲಿ ಅಡಿಕೆಯನ್ನು ಸುಲಿಯುತ್ತೇವೆ, ಆದರೆ ಹಲಸಿನ ತೊಳೆಯನ್ನು ಬಿಡಿಸುತ್ತೇವೆ. ‘ಚಿತ್ರ ಬಿಡಿಸು’ ಎಂದರೆ ಬರೆಯುವುದೆಂಬ ಅರ್ಥ ಬರುತ್ತದೆಯೆಂಬ ಆಕ್ಷೇಪ ಸರಿಯಾದುದೇ. ‘ಇಂದ’ ಪ್ರತ್ಯಯವನ್ನು ಸೇರಿಸಿ ‘ಹಿನ್ನೆಲೆಯಿಂದ ಬಿಡಿಸು’ ಎಂದರೆ ಆ ಗೊಂದಲ ಉಳಿಯುವುದಿಲ್ಲ.

ಮ್ಯಾಜಿಕ್ ವಾಂಡ್‌ಗೆ ‘ಮಂತ್ರದಂಡ’ ಎಂದರೆ ಅದು ಮಾಡುವ ಕೆಲಸವೇ ಮರೆಯಾಗುತ್ತದೆ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿನ ಹಸೆ ಚಿತ್ತಾರವೆಂಬ ಗೋಡೆಚಿತ್ರದ ಒಂದು ಫೋಟೊ ತೆಗೆದುಕೊಳ್ಳಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿರುತ್ತವೆ. ಒಂದು ಗೆರೆಯ ಮೇಲೆ ಈ ಸಲಕರಣೆಯನ್ನು ಒತ್ತಿದರೆ ಆ ಗೆರೆಯೂ ಅದಕ್ಕೆ ಕೂಡಿಕೊಂಡಿರುವ ಬಿಳಿಯೂ ಆಯ್ಕೆಯಾಗುತ್ತವೆ, ಕೆಂಪಿನ ಆಚೆಗಿರುವ ಬಿಡಿ ಗೆರೆಗಳು ಹೊರಗುಳಿಯುತ್ತವೆ. ಎಲ್ಲ ಬಿಳಿ ಗೆರೆಗಳೂ ಬೇಕಾದರೆ ಫೋಟೊಶಾಪ್‌ನಲ್ಲಿ ‘ಕಂಟಿಗ್ಯುವಸ್’ (ಕೂಡಿಕೊಂಡಿರುವುದು ಮಾತ್ರ) ಎಂಬುದರ ಗುರುತನ್ನು ತೆಗೆಯಬೇಕು. ಗಿಂಪ್‌ನಲ್ಲಿ ಅದಕ್ಕೆ ಬೇರೆ ಸಲಕರಣೆಯೇ ಇದೆ. ಆದ್ದರಿಂದ ಮೊದಲನೆಯದಕ್ಕೆ ‘ಒತ್ತಿನ ಬಣ್ಣದ ಆಯ್ಕೆ’ (ಒತ್ತಿನ ಎಂದರೆ ಪಕ್ಕದಲ್ಲೇ ಕೂಡಿಕೊಂಡಿರುವ), ಎರಡನೆಯದಕ್ಕೆ ‘ಎಲ್ಲೆಡೆಯ ಬಣ್ಣದ ಆಯ್ಕೆ’ ಎಂದು ಸೂಚಿಸುತ್ತೇನೆ. ಹೆಸರು ಉದ್ದವಾದರೂ ಕಲಿಯುವವರಿಗೆ ವ್ಯತ್ಯಾಸ ಹೆಸರಿನಿಂದಲೇ ತಿಳಿಯುತ್ತದೆ.

ಫೆದರ್‌ಗೆ ‘ಗರಿ’ ಬೇಡವೇ ಬೇಡ. ಆಯ್ಕೆಯ ಅಂಚು ಒಮ್ಮೆಲೇ ಮುಗಿಯದೆ ಕೆಲವು ಪಿಕ್ಸೆಲ್‌ಗಳಷ್ಟು ದೂರ ಕ್ರಮೇಣ ಮಾಯವಾಗುವುದನ್ನು ‘ಗರಿ’ ಎಂಬ ಪದ ಯಾವ ಕನ್ನಡಿಗನಿಗೂ ಹೇಳುವುದಿಲ್ಲ.

ಎರವಲೇ ಬೇಡವೆನ್ನುವವರಿಗೆ ಒಂದು ಮಾತು. ಇಂಗ್ಲಿಷಿನ ‘ಲ್ಯಾಸೊ’ ಕೂಡ ಸ್ಪ್ಯಾನಿಷ್‌ನಿಂದ ಬಂದ ಎರವಲು. ಕುಣಿಕೆಯೆಂಬ ನಮ್ಮ ಪದ ಅದರ ಅರ್ಥಕ್ಕೆ ಸರಿಯಾಗಿ ಕೂಡುವುದರಿಂದ ಅದನ್ನು ಬಳಸೋಣ. ಲೇಯರ್, ಮಾಸ್ಕ್‌ಗಳು ಸ್ಟುಡಿಯೊ ಮತ್ತು ಡಿಟಿಪಿ ಅಂಗಡಿಗಳ ದಿನದ ಮಾತಾಗಿವೆ. ಅವನ್ನು ‘ಪದರ’, ‘ಮುಸುಕು’ ಎಂದು ಬದಲಿಸಿದರೆ ಕಲಿಯುವವರು ಪರದೆಯ ಮೇಲೆ ಅವನ್ನು ಹುಡುಕಿ ಸೋಲುತ್ತಾರೆ.

ಮ್ಯಾಜಿಕ್ ವಾಂಡ್‌ನ ಟಾಲರೆನ್ಸ್‌ಗೆ ಪದ ಮಾತ್ರ ಇತ್ಯರ್ಥವಾಗಿಲ್ಲ. ಟಾಲರೆನ್ಸ್ ಎಂದರೆ ಒತ್ತಿದ ಬಣ್ಣಕ್ಕಿಂತ ಎಷ್ಟು ಬೇರೆಯಾದುದನ್ನೂ ಸೇರಿಸಿಕೊಳ್ಳಬಹುದೆಂಬ ಮಿತಿ. ಫೋಟೊಶಾಪ್‌ನಲ್ಲಿ 0ಯಿಂದ 255ರವರೆಗೆ ಇರುತ್ತದೆ. ‘ಸಹಿಷ್ಣುತೆ’ ಇಲ್ಲಿ ಸಲ್ಲದು. ಸದ್ಯಕ್ಕೆ ‘ಬಣ್ಣದ ಅಂತರದ ಮಿತಿ’ ಎಂದು ಬರೆಯಬಹುದು. ಇದಕ್ಕಿಂತ ಚಿಕ್ಕದಾದ, ಅಷ್ಟೇ ಸ್ಪಷ್ಟವಾದ ಪದ ತಿಳಿದವರು ದಯವಿಟ್ಟು ಬರೆಯಿರಿ.