ಶಹಾಬಾದ್ ಕಲ್ಲಿನಲ್ಲಿ ಇಂತಹ ದೀಕ್ಷಾಸ್ನಾನದ ತೊಟ್ಟಿ ಮಾಡಬಹುದಾ?

ಫರ್ಸಿ ಅಂಗಡಿ, ಶಹಾಬಾದ್

ಎಲ್ಲರಿಗೂ ಶರಣು. ನಮ್ಮದು ಕಲ್ಲಿನ ಪಾಲಿಶ್ ಕೆಲಸ. ಫರ್ಸಿ ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಮೆಟ್ಟಿಲು, ಅಡುಗೆಮನೆ ಕಟ್ಟೆ, ಇಷ್ಟೇ ನಮ್ಮ ಪ್ರಪಂಚ. ಮೊನ್ನೆ ಹತ್ತಿರದ ಊರಿನ ಒಂದು ಮೆಥಡಿಸ್ಟ್ ಚರ್ಚಿನ ಪಾಸ್ಟರ್ ಅಂಗಡಿಗೆ ಬಂದಿದ್ದರು. ಮಕ್ಕಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ, ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸುವುದು) ಕೊಡುವಾಗ ಇಷ್ಟು ವರ್ಷ ಸ್ಟೀಲ್ ಬೋಗುಣಿಯಲ್ಲೇ ನೀರು ಇಡುತ್ತಿದ್ದರಂತೆ. ಈಗ ಕಲ್ಲಿನದು ಬೇಕಂತೆ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಈಸ್ಟ್ ಮಿಯನ್ ಎಂಬ ಹಳ್ಳಿಯ ಚರ್ಚು, ಸುಮಾರು 1150ರ ತೊಟ್ಟಿ. ಕಪ್ಪು ಕಲ್ಲು, ಚೌಕಾಕಾರ. ನಡುವೆ ದಪ್ಪ ಕಂಬ, ನಾಲ್ಕು ಮೂಲೆಗೆ ಸಣ್ಣ ಕಂಬ. ಬದಿಗಳ ತುಂಬ ಗೊಂಬೆಗಳು.

"ನಿಮ್ಮ ಕಲ್ಲಿನ ಹಾಗೇ ಇದೆ ಅಲ್ವಾ?" ಅಂದರು. ನೋಡಲಿಕ್ಕೇನೋ ಹಾಗೇ ಇದೆ. ಆದರೆ ನಮ್ಮ ಕಲ್ಲು ಪದರ ಪದರ. ಅಂಚಿಗೆ ಉಳಿ ಇಟ್ಟು ಬಡಿದರೆ ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಇಷ್ಟು ದಪ್ಪದ ದಿಂಡು ತೆಗೆದು, ಒಳಗೆ ಕೊರೆದು, ಹೊರಗೆ ಗೊಂಬೆ ಬೇರೆ ಎಬ್ಬಿಸುವುದು ಹೇಗೆ? ಅದು ಯಾವ ಕಲ್ಲು? ಗೊಂಬೆಗಳ ಕಥೆ ಏನು? ಒಂದು ಕಡೆ ರೆಕ್ಕೆ ಇರುವವನು ಮನುಷ್ಯನಿಗೆ ಏನೋ ತೋರಿಸಿಕೊಡುತ್ತಿದ್ದಾನೆ.

ಪಾಸ್ಟರ್ ಕಳಿಸಿದ ಇನ್ನೊಂದು ಫೋಟೋದಲ್ಲಿ ಬೇರೆ ಯಾವುದೋ ಚರ್ಚಿನ ತೊಟ್ಟಿ ಇದೆ. ಅದರ ಅಂಚು ಎದುರುಬದುರು ಎರಡು ಕಡೆ ಮುಕ್ಕಾಗಿದೆ, ಬೇರೆ ಕಲ್ಲು ಕೂಡಿಸಿ ತೇಪೆ ಹಾಕಿದ್ದಾರೆ. ಸಾಗಿಸುವಾಗ ಪೆಟ್ಟು ಬಿದ್ದಿದ್ದರೆ ಒಂದು ಮೂಲೆ ಹೋಗಬೇಕಿತ್ತು. ಇಷ್ಟು ಸರಿಯಾಗಿ ಎದುರುಬದುರು ಒಡೆಯುವುದು ನಾನು ಎಲ್ಲೂ ನೋಡಿಲ್ಲ.

ಬೀದರ್ ಅಕ್ಕ, ಸದ್ಯ ಸೌತಾಂಪ್ಟನ್

ಅಣ್ಣಾ, ನಾನು ಬೀದರ್‌ನವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಈ ತೊಟ್ಟಿಗಳ ಹುಚ್ಚು ನನಗೂ ಸ್ವಲ್ಪ ಹಿಡಿದಿದೆ. ರಜೆ ಸಿಕ್ಕರೆ ಬಸ್ ಹತ್ತಿ ಯಾವುದಾದರೂ ಹಳೇ ಚರ್ಚಿಗೆ ಹೋಗುತ್ತೇನೆ. ಟಿಕೆಟ್ ಇಲ್ಲ, ಜನ ಇಲ್ಲ, ಚಳಿ ಮಾತ್ರ ಇದೆ.

ಆ ಕಲ್ಲು ಇಂಗ್ಲೆಂಡಿನದಲ್ಲ. ಬೆಲ್ಜಿಯಂನ ಟೂರ್ನೇ ಎಂಬ ಊರಿನದು. ಊರು ಶೆಲ್ಟ್ ನದಿಯ ದಡದಲ್ಲಿದೆ. ಅಲ್ಲಿಂದ ದೋಣಿಯಲ್ಲಿ ಸಮುದ್ರಕ್ಕೆ, ಸಮುದ್ರ ದಾಟಿ ಇಲ್ಲಿಗೆ. ಇಂತಹವು ಇಂಗ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದಿರುವುದು ಏಳು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರಲ್ಲಿ ನಾಲ್ಕು ಹ್ಯಾಂಪ್‌ಶೈರ್ ಒಂದರಲ್ಲೇ: ವಿಂಚೆಸ್ಟರ್, ಈಸ್ಟ್ ಮಿಯನ್, ಸೇಂಟ್ ಮೇರಿ ಬೋರ್ನ್, ನಮ್ಮ ಸೌತಾಂಪ್ಟನ್. ವಿಂಚೆಸ್ಟರ್‌ನಲ್ಲಿ 1129ರಿಂದ 1171ರವರೆಗೆ ಹೆನ್ರಿ ಆಫ್ ಬ್ಲೋವಾ ಎಂಬ ಬಿಷಪ್ ಇದ್ದರು. ರಾಜನ ತಮ್ಮ, ಕೈತುಂಬ ದುಡ್ಡು, ಕಲೆಯ ಶೋಕಿ. ಅಲ್ಲಿನದನ್ನು ತರಿಸಿದ್ದು ಅವರೇ ಎಂದು ನಂಬಿಕೆ.

ಈಸ್ಟ್ ಮಿಯನ್‌ನದರಲ್ಲಿ ಇರುವುದು ಆದಾಮ, ಹವ್ವರ ಕಥೆ. ಒಂದು ಬದಿಯಲ್ಲಿ ದೇವರು ಅವರನ್ನು ಸೃಷ್ಟಿಸುವುದು, ಹಣ್ಣು ತಿನ್ನುವುದು. ಮುಂದಿನ ಬದಿಯಲ್ಲಿ ತೋಟದಿಂದ ಹೊರಗೆ ಹಾಕುವುದು. ನೀವು ಕೇಳಿದ ರೆಕ್ಕೆಯವನು ಅಲ್ಲೇ ಇದ್ದಾನೆ. ಅವನು ದೇವದೂತ, ಆದಾಮನಿಗೆ ನೆಲ ಅಗೆಯುವುದು ಹೇಗೆಂದು ಕಲಿಸುತ್ತಿದ್ದಾನೆ. ಪಕ್ಕದಲ್ಲಿ ಹವ್ವ ನೂಲು ತೆಗೆಯುತ್ತಿದ್ದಾಳೆ. ಹೊರಗೆ ಹಾಕಿದ ಮೇಲೂ ಹೊಟ್ಟೆಪಾಡಿನ ಕೆಲಸ ಕಲಿಸಿ ಕಳಿಸಿದ್ದಾರೆ ನೋಡಿ! ನನಗೆ ಇಡೀ ತೊಟ್ಟಿಯಲ್ಲಿ ಇಷ್ಟ ಅದೊಂದೇ ಮೂಲೆ.

ವಿಂಚೆಸ್ಟರ್‌ನದರಲ್ಲಿ ಸಂತ ನಿಕೋಲಸ್ ಕಥೆ. ಬಡ ತಂದೆಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಗತಿ ಇಲ್ಲ. ನಿಕೋಲಸ್ ಬಂಗಾರ ಕೊಟ್ಟು ಮದುವೆ ಮಾಡಿಸುತ್ತಾನೆ. ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳುವುದೇ ಬೇಡ.

ಇನ್ನು ಮುಕ್ಕಾದ ಅಂಚು. ಅದು ಬೀಗದ ಗುರುತು. ಆಗ ನೀರನ್ನು ಒಂದು ಸಲ ಮಂತ್ರಿಸಿ ವಾರಗಟ್ಟಲೆ ತೊಟ್ಟಿಯಲ್ಲೇ ಬಿಡುತ್ತಿದ್ದರು. ಜನ ಅದನ್ನು ಕದ್ದು ಮಾಟಮಂತ್ರಕ್ಕೆ ಒಯ್ಯುತ್ತಾರೆ ಎಂಬ ಭಯ ಇತ್ತು. 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ತೊಟ್ಟಿಗಳನ್ನು ಮುಚ್ಚಿ ಬೀಗ ಹಾಕಬೇಕೆಂದು ಆಜ್ಞೆ ಮಾಡಿದರು. ಮುಚ್ಚಳ ಕೂರಿಸಲು ಅಂಚಿನಲ್ಲಿ ಎದುರುಬದುರು ತೂತು ಕೊರೆದು, ಕಬ್ಬಿಣದ ಕೊಂಡಿ ಇಟ್ಟು ಸೀಸ ಹೊಯ್ದರು. ಮುಂದೆ ಬೀಗ ಬೇಡವಾದಾಗ ಕೊಂಡಿ ಕಿತ್ತರು, ಅದರ ಜೊತೆ ಕಲ್ಲೂ ಕಿತ್ತು ಬಂತು. ಮುಕ್ಕಾದರೂ ಅದು ಪುಣ್ಯ ಮಾಡಿತ್ತು. 17ನೇ ಶತಮಾನದಲ್ಲಿ ಚರ್ಚಿನ ಹಳೇ ಆಚಾರ, ಅಲಂಕಾರ ಬೇಡ ಅನ್ನುತ್ತಿದ್ದ ಪ್ಯೂರಿಟನ್ನರ ಕಾಟಕ್ಕೆ ಎಷ್ಟೋ ತೊಟ್ಟಿಗಳು ಚರ್ಚಿನಿಂದ ಹೊರಗೆ ಬಿದ್ದವು. ಕೆಲವು ದನಕ್ಕೆ ನೀರು ಕುಡಿಸುವ ಬಾನಿಯಾದವು.

ಸೇಡಂ ಮಾಸ್ತರ

ನಾನು ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಪಾಸ್ಟರ್ ಕಣ್ಣು ಚುರುಕಾಗಿದೆ. ಟೂರ್ನೇ ಕಲ್ಲನ್ನು ಮಾರ್ಬಲ್ ಎಂದು ಕರೆದರೂ ಅದು ಸುಣ್ಣದ ಕಲ್ಲೇ. ಪಾಲಿಶ್ ಕೊಟ್ಟರೆ ಕಪ್ಪಗೆ ಹೊಳೆಯುತ್ತದೆ. ನಮ್ಮ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲು. ವಾಡಿ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆ ಬಂದಿದ್ದೇ ಅದಕ್ಕೆ. ವಯಸ್ಸಿನಲ್ಲಿ ನಮ್ಮದು ಬಹಳ ದೊಡ್ಡದು.

ವ್ಯತ್ಯಾಸ ಪದರದ ದಪ್ಪದಲ್ಲಿ. ಅವರಿಗೆ ದಪ್ಪ ದಿಂಡು ಸಿಕ್ಕಿದೆ. ಆ ತೊಟ್ಟಿಗಳು ಹೆಚ್ಚುಕಡಿಮೆ ಒಂದು ಮೀಟರ್ ಅಗಲದ ಚೌಕಗಳು. ಹಾಗಿದ್ದೂ ಗೊಂಬೆಗಳನ್ನು ನೋಡಿ, ಉಬ್ಬು ಜಾಸ್ತಿ ಇಲ್ಲ. ಚಪ್ಪಟೆಯಾಗಿವೆ. ಕಂಬಗಳೂ ಬೇರೆ ತುಂಡುಗಳೇ, ತಂದು ಜೋಡಿಸಿದ್ದು.

ನೀವು ಒಂದೇ ಕಲ್ಲು ಕೊರೆಯುವ ಹಠ ಬಿಡಿ. ನಮ್ಮ ಕಲ್ಲಿನ ದಿಂಡು ತೆಗೆದರೆ ಕೆತ್ತನೆ ಬರುವುದು ಪದರದ ಅಂಚಿಗೆ. ಉಳಿ ತಾಗಿದರೆ ಚಕ್ಕೆ ಏಳುತ್ತದೆ, ಗೊಂಬೆಯ ಮೂಗು ಮೊದಲು ಹೋಗುತ್ತದೆ. ಅದರ ಬದಲು ನಾಲ್ಕು ದಪ್ಪ ಫರ್ಸಿ ನೆಟ್ಟಗೆ ನಿಲ್ಲಿಸಿ ಪೆಟ್ಟಿಗೆ ಮಾಡಿ. ಸಪಾಟು ಮುಖ ಹೊರಗೆ ಬರುತ್ತದೆ, ಅದರ ಮೇಲೆ ಎಷ್ಟು ಬೇಕಾದರೂ ತೆಳುವಾಗಿ ಕೆತ್ತಬಹುದು. ಮೇಲೆ ಒಂದು ಫರ್ಸಿ, ನಡುವೆ ಗುಂಡಗೆ ಕತ್ತರಿಸಿ ತಾಮ್ರದ ಬೋಗುಣಿ ಇಳಿಬಿಡಿ. ಹಿಂದಿನವರು ನೀರು ಜಿನುಗಬಾರದೆಂದು ಒಳಗೆ ಸೀಸದ ತಗಡು ಹೊದಿಸುತ್ತಿದ್ದರು. ಸೀಸ ವಿಷ, ನಮಗೆ ಬೇಡ.

ಬೋಗುಣಿ ದೊಡ್ಡದೂ ಬೇಡ. ಆಗ ಕೂಸನ್ನು ನೀರಿನಲ್ಲಿ ಮುಳುಗಿಸಿ ಎತ್ತುತ್ತಿದ್ದರು, ಅದಕ್ಕೇ ಆ ಗಾತ್ರ. ನಿಮ್ಮ ಪಾಸ್ಟರ್ ತಲೆಗೆ ನೀರು ಹಾಕುತ್ತಾರೆ ಅಷ್ಟೇ ತಾನೆ? ಒಂದು ಅಡಿ ಸಾಕು. ತಾಮ್ರ ತೊಳೆಯುತ್ತೇವೆಂದು ಹುಣಸೆಹಣ್ಣು, ನಿಂಬೆಹಣ್ಣು ಕಲ್ಲಿಗೆ ತಾಗಿಸದಂತೆ ಚರ್ಚಿನವರಿಗೆ ಹೇಳಿ. ಹುಳಿ ಬಿದ್ದರೆ ನೀವು ಕೊಟ್ಟ ಪಾಲಿಶ್ ಸತ್ತಿತು. ಬೋಗುಣಿ ಎತ್ತಿಕೊಳ್ಳುವ ಹಾಗೆ ಇಡಿ.

ಹುಮನಾಬಾದಿನವ

ಕೆತ್ತಿದವನ ಹೆಸರು ಹಾಕುವುದನ್ನು ಮರೆಯಬೇಡಿ ಅಣ್ಣಾ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಬ್ರೈಡ್‌ಕರ್ಕ್ ಎಂಬಲ್ಲಿ 12ನೇ ಶತಮಾನದ ತೊಟ್ಟಿ ಒಂದಿದೆ. ಅದರ ಮೇಲೆ ಉತ್ತರ ಯುರೋಪಿನ ಹಳೇ ರೂನ್ ಲಿಪಿಯಲ್ಲಿ ರಿಕಾರ್ತ್ ಎಂಬುವನು ನನ್ನನ್ನು ಮಾಡಿದ ಎಂದು ತೊಟ್ಟಿಯೇ ಹೇಳಿಕೊಳ್ಳುತ್ತದೆ. ಸುತ್ತಿಗೆ, ಉಳಿ ಹಿಡಿದ ಶಿಲ್ಪಿಯ ಗೊಂಬೆಯೂ ಇದೆ. ನಮ್ಮ ಜಲಸಂಗ್ವಿ ಗುಡಿಯ ಗೋಡೆಯ ಮೇಲೂ ಒಬ್ಬಳು ಶಾಸನ ಬರೆಯುತ್ತಾ ನಿಂತಿದ್ದಾಳೆ, ಹೆಚ್ಚುಕಡಿಮೆ ಅದೇ ಕಾಲದವಳು. ಆದರೆ ಅವಳು ಬರೆದಿದ್ದು ಚಾಲುಕ್ಯ ರಾಜ ವಿಕ್ರಮಾದಿತ್ಯನ ಹೊಗಳಿಕೆ. ರಾಜನ ಹೆಸರು ಉಳಿಯಿತು. ನನಗೇನೋ ಆ ರಿಕಾರ್ತ್‌ನೇ ಜಾಣ ಅನ್ನಿಸುತ್ತದೆ.

ಫರ್ಸಿ ಅಂಗಡಿ, ಶಹಾಬಾದ್

ಅಕ್ಕಾ, ಮಾಸ್ತರೇ, ದೊಡ್ಡ ಉಪಕಾರ ಆಯಿತು. ಪೆಟ್ಟಿಗೆಯ ಉಪಾಯ ಪಾಸ್ಟರಿಗೆ ಒಪ್ಪಿಗೆ. ಆದಾಮ, ಹವ್ವರನ್ನು ಬಟ್ಟೆ ಇಲ್ಲದೆ ಕೆತ್ತುವುದು ಬೇಡ ಎಂದು ಸಭೆಯ ಹಿರಿಯರು ಈಗಲೇ ಹೇಳಿದ್ದಾರಂತೆ. ನೆಲ ಅಗೆಯುವ ಮೂಲೆ ಮಾತ್ರ ಇಟ್ಟುಕೊಳ್ಳೋಣ ಎಂದೆ. ಕೈಯಲ್ಲಿ ಸನಿಕೆ ಕೊಡೋಣ, ಹಿಂದೆ ತೊಗರಿ ಗಿಡ ಹಾಕೋಣ ಎಂದೆ. ನಕ್ಕರು, ಆಗಲಿ ಅಂದರು.

ನೀರು ಹೊರಗೆ ಹೋಗುವ ದಾರಿ ಬಗ್ಗೆ ಅವರು ಬಹಳ ಒತ್ತಿ ಹೇಳಿದರು. ಹಳೇ ತೊಟ್ಟಿಗಳಲ್ಲಿ ತಳದ ತೂತಿನಿಂದ ನೀರು ನೇರ ಮಣ್ಣಿಗೆ ಇಳಿಯುತ್ತಿತ್ತಂತೆ, ಚರಂಡಿಗೆ ಹೋಗಬಾರದಂತೆ. ನಮ್ಮ ಬೋಗುಣಿಯಂತೂ ಎತ್ತಿಕೊಳ್ಳುವಂಥದ್ದು, ಹೊರಗೆ ಬೇವಿನ ಗಿಡದ ಬುಡಕ್ಕೆ ಚೆಲ್ಲಿದರಾಯಿತು.

ಇನ್ನು ಉಳಿದದ್ದು ಕೆತ್ತುವವರು. ನಮ್ಮ ಹುಡುಗರು ಕಟಿಂಗ್, ಪಾಲಿಶ್‌ನಲ್ಲಿ ಪಳಗಿದವರು, ಗೊಂಬೆ ಅವರ ಕೈಲಾಗದು. ಚಿತ್ತಾಪುರ, ಯಾದಗಿರಿ ಕಡೆ ತೆಳು ಉಬ್ಬಿನ ಕೆಲಸ ಬಲ್ಲ ಶಿಲ್ಪಿಗಳು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಗ್ರಾನೈಟ್ ಕೆತ್ತಿದವರಿಗಿಂತ ಫರ್ಸಿ ಮೇಲೆ ಹೆಸರು ಕೆತ್ತಿ ರೂಢಿ ಇರುವವರಾದರೆ ಒಳ್ಳೆಯದು, ಈ ಕಲ್ಲಿಗೆ ಎಷ್ಟು ಪೆಟ್ಟು ಹಾಕಬೇಕೆಂದು ಅವರಿಗೆ ಗೊತ್ತಿರುತ್ತದೆ. ಮೂಲೆಯಲ್ಲಿ ಅವರ ಹೆಸರಿಗೆ ಜಾಗ ಬಿಡುತ್ತೇನೆ.