ಕಂಪನಿ ದುಡ್ಡಿನಲ್ಲಿ ಕಾಲೇಜಿನೊಳಗೆ ಸಂಶೋಧನಾ ಕೇಂದ್ರ: ಬರೀ ಎಂಒಯು (ಒಡಂಬಡಿಕೆ ಪತ್ರ) ಸಾಕೇ?

ಪ್ರಶ್ನೆ
ವಿಟಿಯು ಅಡಿಯ ಸ್ವಾಯತ್ತ ಖಾಸಗಿ ಎಂಜಿನಿಯರಿಂಗ್ ಕಾಲೇಜು. ಮೋಟಾರ್ ಕಂಟ್ರೋಲರ್ ಮಾಡುವ ಕಂಪನಿಯೊಂದು ಕ್ಯಾಂಪಸ್ಸಿನಲ್ಲಿ ಸಂಶೋಧನಾ ಕೇಂದ್ರ ತೆರೆಯಲು ಐದು ವರ್ಷ, ವರ್ಷಕ್ಕೆ 50 ಲಕ್ಷ ಕೊಡಲು ತಯಾರಿದೆ. ದುಡ್ಡು ಸಿಎಸ್‌ಆರ್‌ನಿಂದ (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣ), ಪೇಟೆಂಟ್ ಮಾತ್ರ ಕಂಪನಿ ಹೆಸರಿಗೆ ಎನ್ನುತ್ತಿದ್ದಾರೆ. ಜಿಎಸ್‌ಟಿ ಬೀಳುತ್ತದೆಯೇ?

ಲೆಕ್ಕಿಗ
ಎರಡೂ ಒಟ್ಟಿಗೆ ಆಗದ ಮಾತು. ಪೇಟೆಂಟ್ ಬೇಕೆಂದರೆ ಅದು ವ್ಯವಹಾರ, ಸಿಎಸ್‌ಆರ್ ಅಲ್ಲ. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಂಶೋಧನೆಗೆಂದೇ ಇರುವ 9ನೇ ಬಾಬು ಸರ್ಕಾರಿ ದುಡ್ಡಿನ ಸಂಸ್ಥೆಗಳಿಗೆ. ಖಾಸಗಿ ಕಾಲೇಜು ಅದರೊಳಗೆ ಕೂರುವುದಿಲ್ಲ. ಲ್ಯಾಬ್ ಉಪಕರಣವನ್ನು ಶಿಕ್ಷಣದ ಬಾಬಿನಲ್ಲಿ (2ನೆಯದು) ಕೊಡಬಹುದು. ಆಗ ಕಾಲೇಜು ನಡೆಸುವ ನಿಮ್ಮ ಟ್ರಸ್ಟ್ ಸಿಎಸ್‌ಆರ್-1 (ಸಿಎಸ್‌ಆರ್ ಹಣ ಬಳಸುವ ಸಂಸ್ಥೆಗಳ ಫಾರ್ಮ್) ನೋಂದಣಿ ಮಾಡಿಸಿರಬೇಕು, ಉಪಕರಣ ಟ್ರಸ್ಟ್ ಹೆಸರಿನಲ್ಲೇ ಇರಬೇಕು. ಕಂಪನಿ ತನ್ನ ಆಸ್ತಿಪಟ್ಟಿಗೆ ಸೇರಿಸಿಕೊಳ್ಳುವಂತಿಲ್ಲ.

ಜಿಎಸ್‌ಟಿ: ಅನುದಾನದ ರೂಪದ ಸಂಶೋಧನೆಗೆ 2024ರ ಅಕ್ಟೋಬರ್ 10ರಿಂದ ವಿನಾಯಿತಿ ಇದೆ, ಆದರೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 35ರಡಿ ಅಧಿಸೂಚಿತವಾದ ಕಾಲೇಜಿಗೆ ಮಾತ್ರ. ಇಲ್ಲದಿದ್ದರೆ 18%. ಒಪ್ಪಂದದಲ್ಲಿ 'ತೆರಿಗೆ ಪ್ರತ್ಯೇಕ' ಎಂದು ಬರೆಸದೆ ಹೋದರೆ ಆ 50 ಲಕ್ಷದೊಳಗಿಂದಲೇ ಸುಮಾರು 7.6 ಲಕ್ಷ ಹೊರಟುಹೋಗುತ್ತದೆ.

ಪೇಟೆಂಟ್ ಸಲಹೆಗಾರ
ಎಂಒಯು ಫೋಟೋಗೆ ಚೆನ್ನ. ಹಕ್ಕು ನಿರ್ಧಾರವಾಗುವುದು ಪ್ರತಿ ಪ್ರಾಜೆಕ್ಟಿನ ಪ್ರತ್ಯೇಕ ಕರಾರಿನಲ್ಲಿ. ಕಾಲೇಜೊಂದೇ ಅರ್ಜಿದಾರನಾದರೆ ಫಾರ್ಮ್ 28 (ಶುಲ್ಕ ರಿಯಾಯಿತಿ ಕೋರುವ ಫಾರ್ಮ್) ಹಾಕಿ 1,600 ರೂಪಾಯಿಗೆ ಸಲ್ಲಿಸಬಹುದು. ದೊಡ್ಡ ಕಂಪನಿ ಜೊತೆಗೂಡಿದರೆ 8,000. ಹಣಕ್ಕಿಂತ ದೊಡ್ಡ ಎಡವಟ್ಟು ಪ್ರಬಂಧ. ಪಿಎಚ್‌.ಡಿ. ವಿದ್ಯಾರ್ಥಿ ಮೊದಲೇ ಜರ್ನಲ್‌ನಲ್ಲಿ ಪ್ರಕಟಿಸಿದರೆ ಹೊಸತನ ಹೋಯಿತು, ಪೇಟೆಂಟ್ ಕೈತಪ್ಪಿತು. ಪ್ರಕಟಣೆಗೆ ಮುನ್ನ ಕಂಪನಿಗೆ 30 ದಿನ ಓದಲು ಕೊಡಿ, ಅಷ್ಟರಲ್ಲಿ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ವಿವರಣೆ (ಪ್ರೊವಿಷನಲ್ ಅರ್ಜಿ) ಸಲ್ಲಿಸಲಿ. ಪೂರ್ಣ ವಿವರಣೆಗೆ 12 ತಿಂಗಳಿದೆ. 'ಕಂಪನಿಯ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು' ಎಂಬ ಸಾಲಿಗೆ ಸಹಿ ಹಾಕಿದರೆ ವಿದ್ಯಾರ್ಥಿಯ ಪದವಿ ಅವರ ಕೈಯಲ್ಲಿ.

ಲ್ಯಾಬ್ ಕಡೆಯವ
ಬಜೆಟ್ಟಿನಲ್ಲಿ ಡೈನಮೋಮೀಟರ್ (ಮೋಟಾರಿನ ಶಕ್ತಿ ಅಳೆಯುವ ಯಂತ್ರ) ಇರುತ್ತದೆ, ಅದಕ್ಕೆ ಬೇಕಾದದ್ದು ಇರುವುದಿಲ್ಲ. ಮಂಜೂರಾದ ವಿದ್ಯುತ್ ಲೋಡ್ ಸಾಲದೆ ಯಂತ್ರ ಪ್ಯಾಕಿಂಗ್ ಪೆಟ್ಟಿಗೆಯಲ್ಲೇ ಕೂರುತ್ತದೆ. ಆರ್ಡರ್ ಹಾಕುವ ಮೊದಲೇ ಎಸ್ಕಾಂಗೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಿ. ಕಂಪನ ತಡೆಯುವ ಕಾಂಕ್ರೀಟ್ ತಳ, ಕೂಲಿಂಗ್, ಟಾರ್ಕ್ (ತಿರುಗುಬಲ) ಸೆನ್ಸರಿನ ವಾರ್ಷಿಕ ಕ್ಯಾಲಿಬ್ರೇಷನ್, ವಾರಂಟಿ ಮುಗಿದ ಮೇಲಿನ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಎಲ್ಲವೂ ಬರೆಯಿಸಿ.

ಇನ್ನೊಂದು: ಕಂತು ವರ್ಷದ ಆರಂಭದಲ್ಲೇ ಬರಲಿ. ಪಿಎಚ್‌.ಡಿ. ನಾಲ್ಕೈದು ವರ್ಷ ಎಳೆಯುತ್ತದೆ, ಕಂಪನಿಯ ಆಸಕ್ತಿ ಎರಡಕ್ಕೇ ಮುಗಿಯಬಹುದು. ನಡುವೆ ಹೊರಟರೆ ದಾಖಲಾದ ವಿದ್ಯಾರ್ಥಿಗಳ ಫೆಲೋಶಿಪ್ ಪೂರ್ತಿ ಕೊಟ್ಟೇ ಹೋಗಬೇಕೆಂಬ ಷರತ್ತು ಹಾಕಿ.